ಗೋಲಿ ಮಾತ್ರ ಹೇಳಬೇಕಾದ ಮಾತು

ಆಗಸ್ಟ್ ೧೨, ಮಂಗಳವಾರ
ಮಧ್ಯಾಹ್ನ, ಊಟವಾದ ಮೇಲೆ

ಪ್ರೀತಿಯ ತಮ್ಮ,

ನಿನಗೂ, ನಿನ್ನ ಮನೆಯಾಕೆಗೂ, ಮಗಳಿಗೂ ಅಣ್ಣನ ಆಶೀರ್ವಾದ. ಇಲ್ಲಿ ನಿನ್ನ ಅತ್ತಿಗೆ ಗಟ್ಟಿಮುಟ್ಟಾಗಿದ್ದಾಳೆ. ನನ್ನ ವಿಷಯ ಕೇಳಿದರೆ, ಎಡ ಮೊಣಕಾಲೊಂದನ್ನು ಬಿಟ್ಟು ಉಳಿದದ್ದೆಲ್ಲ ಇನ್ನೂ ನನ್ನ ಮಾತು ಕೇಳುತ್ತಿದೆ.

ಪತ್ರ ತೀರಾ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಅಪ್ಪ ಹೋಗಿ ಐದು ತಿಂಗಳಾಯಿತು. ಈ ಐದು ತಿಂಗಳಲ್ಲಿ ನಾವಿಬ್ಬರೂ ಫೋನಿನಲ್ಲಿ ಆಡಿದ್ದನ್ನೆಲ್ಲ ಕೂಡಿಸಿದರೂ ಒಂದು ಪೋಸ್ಟ್‌ಕಾರ್ಡ್ ತುಂಬುವುದಿಲ್ಲ. "ಊಟ ಆಯ್ತಾ?" "ಆಯ್ತು, ನಿಂದು?" "ಆಯ್ತು." ರೇಡಿಯೋದಲ್ಲಿ ತೊಂಬತ್ತು ನಿಮಿಷ ಬಾಯಿ ಮುಚ್ಚದ ಮನುಷ್ಯ ಸ್ವಂತ ತಮ್ಮನ ಹತ್ತಿರ ಊಟದಿಂದ ಮುಂದಕ್ಕೆ ಹೋಗುವುದಿಲ್ಲವಲ್ಲ ಎಂದು ನಿನ್ನ ಅತ್ತಿಗೆ ಆಡಿಕೊಳ್ಳುತ್ತಾಳೆ. ಆಡಿಕೊಳ್ಳಲಿ. ಫೋನಿನಲ್ಲಿ ಒಂದು ತೊಂದರೆ ಇದೆ ಮಾರಾಯ, ನೀನು ನಡುವೆ ಬಾಯಿ ಹಾಕುತ್ತೀಯ. ಬಾಯಿ ಹಾಕಿ ಯಾವ ಮಾತು ಹೇಳುತ್ತೀಯ ಎಂದೂ ನನಗೆ ಗೊತ್ತು. ಅದನ್ನು ಕೇಳಿದ ತಕ್ಷಣ ನಾನು ಅಲ್ಲಿಗೇ ನಿಲ್ಲಿಸಿ ಹಾಯಾಗಿಬಿಡುತ್ತೇನೆ. ಮೂವತ್ತೊಂದು ವರ್ಷದಿಂದ ನಡೆದಿರುವುದು ಅದೇ. ಪತ್ರದಲ್ಲಿ ನೀನು ಬಾಯಿ ಹಾಕುವ ಹಾಗಿಲ್ಲ. ಆದ್ದರಿಂದ ಕೈಗೆ ಮೆತ್ತಿರುವ ಬೈಂಡಿಂಗ್ ಅಂಟು ತೊಳೆದುಕೊಂಡು ಬಂದು, ಕೊನೆಯವರೆಗೂ ಓದು.

ಮೊದಲು ಕೆಲಸದ ಸಮಾಚಾರ. ನಮ್ಮ ಕಾಮೆಂಟರಿ ಕೋಣೆಯನ್ನು ಈಗ ಮೂರನೇ ಮಹಡಿಗೆ ಏರಿಸಿದ್ದಾರೆ. ಲಿಫ್ಟ್ ಇದೆ, ಆದರೆ ಅದು ಪಂದ್ಯದ ದಿನವೇ ಮುನಿಸಿಕೊಳ್ಳುತ್ತದೆ. ಅಡ್ಡ ಮಲಗಿಸಿದ ಬಾಗಿಲಿನಷ್ಟು ಒಂದು ಗಾಜು, ಎರಡು ಕುರ್ಚಿ, ಒಂದು ಮೇಜು. ಮೇಜಿನ ಮೇಲೆ ಆಟಗಾರರ ಹೆಸರು ಬರೆದ ರಟ್ಟು, ನನ್ನ ಕೆಮ್ಮಿನ ಮಾತ್ರೆಯ ಡಬ್ಬಿ. ಪಕ್ಕದ ಕುರ್ಚಿಯಲ್ಲಿ ಒಬ್ಬ ಹೊಸಬ ಕೂರುತ್ತಾನೆ. ಒಂದು ದಿನವೂ ಚೆಂಡು ಒದ್ದವನಲ್ಲ, ಆದರೆ ಯಾರು ಎಷ್ಟು ಮೈಲಿ ಓಡಿದರು, ನೂರಕ್ಕೆ ಎಷ್ಟು ಪಾಸು ಸರಿ ಹೋಯಿತು ಎಂದು ಬಾಯಿಪಾಠ ಒಪ್ಪಿಸುತ್ತಾನೆ. ನಾನು ಅವನಿಗೆ ಪರ್ಸೆಂಟ್ ಎಂದು ಹೆಸರಿಟ್ಟಿದ್ದೇನೆ. ಅವನು ನನಗಿಟ್ಟಿರುವ ಹೆಸರು ಗೋಲಿಗಳ ವಕೀಲ.

ಆ ಹೆಸರು ಯಾಕೆ ಎಂದು ನಿನಗೆ ಹೇಳಬೇಕಿಲ್ಲ, ನೀನು ಕೇಳಿರುತ್ತೀಯ. ಗೋಲಿ ಎನ್ನು, ಗೋಲ್‌ಕೀಪರ್ ಎನ್ನು, ಯಾವ ತಂಡದವನು ಎಂಥ ಚೆಂಡು ಬಿಟ್ಟರೂ ನಾನು ಅವನ ಪರವಾಗಿಯೇ ಮಾತಾಡುತ್ತೇನೆ. ಬಿಸಿಲು ಕಣ್ಣಿಗೆ ಹೊಡೆಯಿತು ಎನ್ನುತ್ತೇನೆ, ಮುಂದಿದ್ದವನು ಅಡ್ಡ ಬಂದ ಎನ್ನುತ್ತೇನೆ, ಏನೂ ಸಿಗದಿದ್ದರೆ ಗಾಳಿಯ ಮೇಲೆ ಹಾಕುತ್ತೇನೆ. ಗಾಳಿಯೇ ಇಲ್ಲದ ದಿನ ಹೀಗಂದಾಗ ಪರ್ಸೆಂಟ್ ಬಿದ್ದು ಬಿದ್ದು ನಕ್ಕ. ಒಂಬತ್ತು ವರ್ಷ ಆಡಿದೆ, ಹನ್ನೆರಡು ವರ್ಷ ಆಡಿಸಿದೆ, ಹತ್ತು ವರ್ಷದಿಂದ ಆಡುವವರ ಬಗ್ಗೆ ಮಾತಾಡುತ್ತಿದ್ದೇನೆ. ಇಷ್ಟು ದಿನದಲ್ಲಿ ನಾನು ಬಾಯಿ ಬಿಟ್ಟು ತಪ್ಪು ಹೊರಿಸಿದ್ದು ಒಬ್ಬನೇ ಒಬ್ಬ ಗೋಲಿಯ ಮೇಲೆ. ಅದೂ ಹೋದ ತಿಂಗಳು, ಊರಿಗೆಲ್ಲ ಕೇಳುವ ಹಾಗೆ. ನೀನೂ ಕೇಳಿದೆ.

ಅದರ ವಿಷಯವೇ ಬರೆಯಬೇಕು. ಆದರೆ ಎಲ್ಲಿಂದ ಶುರುಮಾಡಲಿ?

ಹಿತ್ತಲಿನಿಂದ ಮಾಡುತ್ತೇನೆ. ನಮ್ಮ ಮನೆಯ ಹಿಂದೆ ಅಪ್ಪ ಎರಡು ಬಕೆಟ್ ಇಟ್ಟು ನಿನ್ನನ್ನು ನಡುವೆ ನಿಲ್ಲಿಸುತ್ತಿದ್ದರಲ್ಲ, ನಿನಗೆ ಏಳು, ನನಗೆ ಹತ್ತು. ಮೈದಾನಕ್ಕೆ ಸುಣ್ಣದ ಗೆರೆ ಹಾಕುವ ಕೆಲಸ ಅವರದು. ಕೆಲಸ ಮುಗಿಸಿ ಬಂದರೂ ಅಂಗಿಯ ತುಂಬ ಬಿಳಿ ಪುಡಿ, ಮೂಗಿನ ತುದಿಯಲ್ಲೂ. ಅವತ್ತು ಅವರು ಹಾಕಿಕೊಟ್ಟ ನಿಯಮ ನಿನಗೆ ನೆನಪಿದೆ. "ಕೇಳ್ರೋ ಇಲ್ಲಿ. ಚೆಂಡು ಮೇಲಿಂದ ಬಂದಾಗ ಇಬ್ಬರೂ ಹಾರಿದ್ರೆ ಇಬ್ಬರಿಗೂ ಸಿಗಲ್ಲ. ದೊಡ್ಡೋನೇ, ನಿನಗೆ ಬೇಕಿದ್ರೆ 'ನಂದು' ಅನ್ನು. ಆದ್ರೆ 'ಬಿಡು' ಅನ್ನೋದು ಗೋಲಿ ಮಾತು. ಅದನ್ನ ಗೋಲಿ ಬಿಟ್ಟು ಇನ್ಯಾರೂ ಅನ್ನಂಗಿಲ್ಲ. ಗೋಲಿ 'ಬಿಡು' ಅಂದ ಮೇಲೆ ದೇವರು ಬಂದ್ರೂ ಚೆಂಡು ಮುಟ್ಟಂಗಿಲ್ಲ." ನಾವು ಮುಂದೆ ಸೇರಿದ ತಂಡದಲ್ಲೂ ಇದೇ ನಿಯಮ ನಡೆಯಿತು. ನೀನು 'ಬಿಡು' ಎಂದರೆ ಹತ್ತು ಜನವೂ ಅಕ್ಕಪಕ್ಕ ಸರಿಯುತ್ತಿದ್ದೆವು. ಚೆಂಡು ನಿನ್ನ ಕೈಗೆ ಅಂಟಿಕೊಳ್ಳುತ್ತಿತ್ತು. ಅದಕ್ಕೇ ನಿನಗೆ ಗೋಂದು ಎಂಬ ಹೆಸರು ಬಂತು. ನಿನ್ನ ಪ್ರೆಸ್ಸಿನಲ್ಲಿ ನೀನು ಪುಸ್ತಕಗಳಿಗೆ ಗೋಂದು ಬಳಿದು ಬೈಂಡ್ ಮಾಡುವುದರಿಂದ ಆ ಹೆಸರು ಬಂತೆಂದು ಅಲ್ಲಿಯವರು ತಿಳಿದಿದ್ದಾರಂತೆ, ನಿನ್ನ ಮಗಳು ಹೇಳಿದಳು. ನೀನು ತಿದ್ದಲೇ ಇಲ್ಲವಂತೆ.

ಇನ್ನೊಂದು ವಿಷಯವೂ ನಿನಗೆ ಗೊತ್ತು, ನಮ್ಮಿಬ್ಬರದ್ದೂ ಒಂದೇ ದನಿ. ಅಡುಗೆಮನೆಯಲ್ಲಿದ್ದ ಅಮ್ಮನಿಗೂ "ಬಂದವನು ಯಾರೋ, ದೊಡ್ಡವನಾ ಚಿಕ್ಕವನಾ?" ಎಂದು ಕೇಳದೆ ತಿಳಿಯುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ನಿನ್ನ ಅತ್ತಿಗೆ ಫೋನಿನಲ್ಲಿ ನಿನ್ನನ್ನು ನಾನೆಂದುಕೊಂಡು ಕಾಲು ಗಂಟೆ ಬೈದಿದ್ದಳಲ್ಲ, ನೀನು ಪಾಪ "ಹೂಂ, ಹೂಂ" ಎನ್ನುತ್ತಾ ಎಲ್ಲವನ್ನೂ ಕೇಳಿಸಿಕೊಂಡೆ. ನನ್ನ ಪರವಾಗಿ ಬೈಸಿಕೊಳ್ಳುವ ಅಭ್ಯಾಸ ನಿನಗೆ ಅಷ್ಟು ಹೊತ್ತಿಗಾಗಲೇ ಆಗಿತ್ತು.

ಮೂವತ್ತೊಂದು ವರ್ಷದ ಹಿಂದಿನ ಆ ಕಪ್ ಫೈನಲ್ ದಿನದ ಮಾತಿಗೆ ಬರುತ್ತೇನೆ. ಸೊನ್ನೆ-ಸೊನ್ನೆ, ಮುಗಿಯಲು ನಾಲ್ಕು ನಿಮಿಷ. ಬಲಗಡೆಯಿಂದ ಎತ್ತರಕ್ಕೆ ಬಂದ ಚೆಂಡು. ನೀನು ಗೆರೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಿದ್ದೆ, ಕೈ ಮೇಲೆತ್ತಿದ್ದೆ. ನೋಡು, ಮತ್ತೆ ಕಾಮೆಂಟರಿ ಶುರುಮಾಡಿದೆ. ಆದರೆ ಇದನ್ನು ನಾನು ಯಾವ ಮೈಕಿನ ಮುಂದೆಯೂ ಹೇಳಿಲ್ಲ, ನಿನಗೂ ಹೇಳಿಲ್ಲ. ನಾನು ಗಾಬರಿಯಲ್ಲಿ ಕೂಗಿದೆ, ಬಾಯಿ ತಪ್ಪಿ ಬಂತು ಎಂದು ನೀನು ತಿಳಿದಿದ್ದೀಯ. ಹಾಗೆ ತಿಳಿಯಲಿ ಎಂದೇ ನಾನೂ ಸುಮ್ಮನಿದ್ದೆ. ನಿಜ ಅದಲ್ಲ. ನಿನ್ನ ಕೈ ಮೇಲೆದ್ದದ್ದನ್ನು ನಾನು ಕಣ್ಣಾರೆ ಕಂಡೆ. ಆ ಚೆಂಡು ನಿನ್ನದು ಎಂದು ನನಗೆ ಗೊತ್ತಿತ್ತು. ಮೇಲೆ ನೆರಳಿನಲ್ಲಿ ಕಂಪನಿ ತಂಡಕ್ಕೆ ಆಳು ಆರಿಸಲು ಬಂದ ಇಬ್ಬರು ಕೂತಿದ್ದರು. ಇಡೀ ಪಂದ್ಯದಲ್ಲಿ ನನ್ನ ಹತ್ತಿರ ಸರಿಯಾದ ಒಂದು ಚೆಂಡು ಬಂದಿರಲಿಲ್ಲ. ಇದೊಂದನ್ನು ತಲೆಯಿಂದ ಹೊಡೆದು ಅರ್ಧ ಮೈದಾನ ದಾಟಿಸಿದರೆ ಅವರು ನನ್ನ ಕಡೆ ನೋಡುತ್ತಾರೆ ಎಂದು ಆಸೆಯಾಯಿತು. 'ನಂದು' ಎನ್ನಬಹುದಿತ್ತು. ಆದರೆ ನಾನು 'ನಂದು' ಎಂದರೆ ನೀನು 'ಬಿಡು' ಎನ್ನುತ್ತಿದ್ದೆ, ಆಮೇಲೆ ನಾನು ಸರಿಯಲೇಬೇಕಿತ್ತು. ಅದಕ್ಕೇ ನಿನ್ನ ಮಾತನ್ನು ನಿನಗಿಂತ ಮೊದಲು ನಾನು ಕೂಗಿದೆ.

ನೀನು ಕೈ ಇಳಿಸಿದೆ. ಅಣ್ಣ ಅಂದದ್ದನ್ನು ಮೀರಿ ಗೊತ್ತಿಲ್ಲದವನು ನೀನು. ನಾನು ಹಾರಿದೆ, ಚೆಂಡು ನನ್ನ ಕೂದಲು ಸವರಿಕೊಂಡು ಹಿಂದೆ ಬಿತ್ತು, ಒಂದು ಸಲ ಪುಟಿದು ಗೋಲಿನೊಳಗೆ ಹೋಯಿತು.

'ಬಿಡು' ಎಂಬುದು ಗೋಲಿ ಮಾತು, ದನಿ ನಮ್ಮಿಬ್ಬರದ್ದೂ ಒಂದೇ. ಆದ್ದರಿಂದ ಯಾರೂ ವಿಚಾರಣೆ ಮಾಡಲಿಲ್ಲ. ಗೋಲಿ ತಾನೇ ಕೂಗಿ ತಾನೇ ಬಿಟ್ಟ ಎಂದು ಬಟ್ಟೆ ಬದಲಿಸುವ ಕೋಣೆ ಸೇರುವ ಮೊದಲೇ ತೀರ್ಮಾನವಾಗಿತ್ತು. ಅಪ್ಪ ಬಾಗಿಲಲ್ಲಿ ನಿಂತು ನಿನ್ನನ್ನೇ ನೋಡುತ್ತಾ, "ಕೂಗಿದ ಮೇಲೆ ಹಿಡಿಬೇಕು ಕಣೋ. ಅಷ್ಟೂ ಗೊತ್ತಾಗಲ್ವಾ ನಿಂಗೆ?" ಎಂದರು. ನಾನು ಬಗ್ಗಿ ಬೂಟಿನ ದಾರ ಬಿಚ್ಚುತ್ತಿದ್ದೆ. ಅದು ಆಗಲೇ ಬಿಚ್ಚಿತ್ತು. ನೀನು ಒಂದು ಸಲ ನನ್ನ ಕಡೆ ನೋಡಿದೆ, ನಾನು ನೆಲ ನೋಡಿದೆ. ಅವರೆಲ್ಲ ಹೋದ ಮೇಲೆ ನಾನು "ತಮ್ಮಾ" ಎಂದು ಬಾಯಿ ತೆರೆದದ್ದಷ್ಟೇ. ನೀನು ನನ್ನ ಭುಜದ ಮೇಲೆ ಕೈ ಇಟ್ಟು, "ಹೋಗ್ಲಿ ಬಿಡಣ್ಣ," ಅಂದೆ.

ನಾನು ಬಿಟ್ಟೆ. ಅಷ್ಟು ಸುಲಭವಾಗಿ ನಾನು ಬೇರೆ ಏನನ್ನೂ ಬಿಟ್ಟವನಲ್ಲ.

ಕಂಪನಿಯವರು ಇಡೀ ವರ್ಷದ ಆಟ ನೋಡಿ ನನ್ನನ್ನು ತೆಗೆದುಕೊಂಡರು. ನಿನ್ನನ್ನು ಆ ನಾಲ್ಕು ನಿಮಿಷ ನೋಡಿ ಕೈಬಿಟ್ಟರು. ಊರಿನವರ ಬಾಯಲ್ಲಿ ಗೋಂದು ಹೋಗಿ ಬಿಡಪ್ಪ ಎಂಬ ಹೆಸರು ಬಂತು. ಅಂಗಡಿಗೆ ಹೋದರೆ "ಬಾರಪ್ಪ ಬಿಡಪ್ಪ," ಬಸ್ಸಿನಲ್ಲಿ "ಸೀಟು ಬಿಡಪ್ಪ ಬಿಡಪ್ಪ." ಅಪ್ಪನೂ ನಗುತ್ತಿದ್ದರು, ಅವರ ನಗುವಿನಲ್ಲಿ ಎಷ್ಟು ನೋವಿತ್ತೆಂದು ನಮಗಿಬ್ಬರಿಗೂ ಗೊತ್ತು. ಒಂದು ದಿನ ನೀನು ಮೊಳೆಗೆ ನೇತುಹಾಕಿದ್ದ ಗ್ಲೌಸನ್ನು ಅವರು ತೆಗೆದು ಅಟ್ಟದ ಮೇಲೆ ಇಟ್ಟರು. ನೀನು ಎಲ್ಲಿ ಹೋಯಿತು ಎಂದು ಸಹ ಕೇಳಲಿಲ್ಲ.

ನಾನು ಕೋಚ್ ಆಗಿದ್ದ ಹನ್ನೆರಡು ವರ್ಷ ನನ್ನ ತಂಡಗಳಲ್ಲಿ 'ಬಿಡು' ಎಂಬ ಪದಕ್ಕೆ ಪ್ರವೇಶವಿರಲಿಲ್ಲ. ಗೋಲಿ "ಕೀಪರ್!" ಎಂದೇ ಕೂಗಬೇಕು. ಯಾಕೆ ಸರ್ ಎಂದು ಯಾರೂ ಕೇಳಲಿಲ್ಲ. ದೊಡ್ಡ ಆಟಗಾರನ ದೊಡ್ಡ ತಲೆಯಲ್ಲಿ ಏನೋ ಇರಬೇಕು ಎಂದುಕೊಂಡರು.

ಹೋದ ತಿಂಗಳ ಕಾರ್ಯಕ್ರಮ ಆದದ್ದು ಹೀಗೆ. ನಮ್ಮ ರೇಡಿಯೋದವರು ಹಳೆಯ ಪಂದ್ಯಗಳ ಧ್ವನಿಮುದ್ರಣ ಹುಡುಕಿ ತೆಗೆದು, ನಡುನಡುವೆ ನನ್ನಂಥವರಿಂದ ಮಾತು ಸೇರಿಸಿ ಪ್ರಸಾರ ಮಾಡುತ್ತಿದ್ದಾರೆ. ನಮ್ಮ ಫೈನಲ್ ಕೂಡ ಅದರಲ್ಲಿತ್ತು. ಸೌಂಡ್ ನೋಡಿಕೊಳ್ಳುವ ಇಂಜಿನಿಯರ್ ಒಬ್ಬಳಿದ್ದಾಳೆ, ನಿನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳು, ಮಾತು ಕಡಿಮೆ, ಕಿವಿ ಮಾತ್ರ ಸೂಜಿಯ ಹಾಗೆ. ಅವತ್ತು ಗೋಲಿನ ಹಿಂದೆ ಒಂದು ಮೈಕ್ ಇಟ್ಟಿದ್ದರಂತೆ. ಅವಳು ಜನರ ಗದ್ದಲವನ್ನೆಲ್ಲ ಬೇರೆ ಮಾಡಿ ತೆಗೆದುಬಿಟ್ಟಿದ್ದಳು. "ಸರ್, ಇದನ್ನ ಕೇಳಿ," ಎಂದು ಹೆಡ್‌ಫೋನ್ ಕೊಟ್ಟಳು. ಮೂವತ್ತೊಂದು ವರ್ಷದ ಧೂಳು ಒರೆಸಿದ ಮೇಲೆ ಅಲ್ಲಿ ಇದ್ದದ್ದು ಒಂದೇ ಮಾತು. ಬಿಡು!

"ನಿಮ್ಮ ದನಿ ಇದ್ದ ಹಾಗಿದೆ ಸರ್," ಅಂದಳು.

"ನನ್ನ ತಮ್ಮನದಮ್ಮ. ನಮ್ಮಿಬ್ಬರದ್ದೂ ಒಂದೇ ದನಿ," ಅಂದೆ. ಉಸಿರು ತೆಗೆದುಕೊಳ್ಳುವಷ್ಟು ಹೊತ್ತೂ ಯೋಚಿಸಲಿಲ್ಲ ಕಣೋ. ಸುಳ್ಳು ಅಷ್ಟು ವರ್ಷದಿಂದ ಬಾಯಲ್ಲೇ ಸಿದ್ಧವಾಗಿ ಕೂತಿತ್ತು. ಆಮೇಲೆ ಮೈಕಿನ ಮುಂದೆ ಅದನ್ನೇ ತಮಾಷೆಯಾಗಿ ಹೇಳಿದೆ, "ಗೋಲಿ ತಾನೇ 'ಬಿಡು' ಎಂದು ಕೂಗಿ, ತಾನೇ ಚೆಂಡು ಬಿಟ್ಟುಬಿಟ್ಟ. ಆ ಗೋಲಿ ಬೇರೆ ಯಾರೂ ಅಲ್ಲ, ನನ್ನ ತಮ್ಮ!" ಎಂದು ನಕ್ಕೆ. ಕೇಳುಗರಿಗೆ ಬಹಳ ಹಿಡಿಸಿತಂತೆ.

ಪ್ರಸಾರವಾದ ಮಾರನೆಯ ದಿನ ಬೆಳಿಗ್ಗೆ ನಿನ್ನ ಮಗಳು ಫೋನ್ ಮಾಡಿದಳು. ನಿನಗೆ ಹೇಳಿರಲಾರಳು. "ದೊಡ್ಡಪ್ಪ, ಅಪ್ಪ ನಿಜವಾಗ್ಲೂ ಕೂಗಿ ಬಿಟ್ಟುಬಿಟ್ರಾ? ನಿನ್ನೆ ಅವರನ್ನೇ ಕೇಳಿದೆ. ರೇಡಿಯೋ ಆಫ್ ಮಾಡಿ, 'ಹೋಗ್ಲಿ ಬಿಡು' ಅಂತ ಅಂಟು ಕಲಸೋಕೆ ಹೋದ್ರು. ಕಲಸಿದ್ದು ಆಗಲೇ ಇತ್ತು, ದೊಡ್ಡಪ್ಪ," ಎಂದಳು. ನಾನು ಆಟದಲ್ಲಿ ಇದೆಲ್ಲ ಇದ್ದದ್ದೇ ಎಂದು ಏನೋ ತೊದಲಿದೆ. ಅವಳು, "ನೀವು ಬೇರೆ ಎಲ್ಲ ಗೋಲಿಗಳ ಪರವಾಗಿ ಮಾತಾಡ್ತೀರಲ್ವಾ, ಅದಕ್ಕೇ ಕೇಳಿದೆ," ಎಂದು ಫೋನ್ ಇಟ್ಟಳು. ಅವತ್ತು ನನಗೆ ಊಟ ಸೇರಲಿಲ್ಲ. ಈ ವಾಕ್ಯ ಬರೆಯುವಾಗಲೂ ನಾಚಿಕೆಯಾಗುತ್ತಿದೆ.

ಆ ಭಾನುವಾರ ನೇರ ಪ್ರಸಾರವಿತ್ತು. ಮೊದಲ ಪಂದ್ಯ ಆಡುತ್ತಿದ್ದ ಗೋಲ್‌ಕೀಪರೊಬ್ಬ ಮೆತ್ತನೆಯ ಚೆಂಡೊಂದನ್ನು ಕಾಲ ಸಂದಿಯಲ್ಲಿ ಬಿಟ್ಟ. ಪರ್ಸೆಂಟ್ "ಗೋಲಿಯದೇ ತಪ್ಪು, ನಮ್ಮ ವಕೀಲರು ಏನಂತಾರೆ?" ಅಂದ. ನನಗೇನಾಯಿತೋ, ಮೈಕನ್ನು ಹತ್ತಿರಕ್ಕೆ ಎಳೆದುಕೊಂಡು ಎಲ್ಲವನ್ನೂ ಹೇಳಿಬಿಟ್ಟೆ. ಫೈನಲ್ಲಿನ ಆ ಕೂಗು ನನ್ನದು, ಗೋಲಿಯದಲ್ಲ, ಅವನದು ಒಂದಿಷ್ಟೂ ತಪ್ಪಿರಲಿಲ್ಲ ಎಂದೆ. ಕಣ್ಣಲ್ಲಿ ನೀರು ಬಂತು. ಹೇಳಿ ಮುಗಿಸಿ ನೋಡಿದರೆ ಪರ್ಸೆಂಟ್ ಹೆಡ್‌ಫೋನ್ ಕೆಳಗಿಟ್ಟು ಬಾಳೆಹಣ್ಣು ಸುಲಿಯುತ್ತಿದ್ದ. ಜಾಹೀರಾತು ಶುರುವಾಗಿ ಆಗಲೇ ಒಂದು ನಿಮಿಷವಾಗಿತ್ತು. ನನ್ನ ಇಡೀ ಜೀವಮಾನದ ಧೈರ್ಯ ಯಾವುದೋ ಸೋಪಿನ ಹಾಡಿನ ಅಡಿಯಲ್ಲಿ ಹೋಯಿತು.

ಇಂಜಿನಿಯರ್ ಒಬ್ಬಳು ಮಾತ್ರ ಕೇಳಿಸಿಕೊಂಡಿದ್ದಳು. ಅವಳ ದನಿ ಕಿವಿಯಲ್ಲಿ ಬಂತು. "ಸರ್, ಅದು ಹೊರಗೆ ಹೋಗಿಲ್ಲ. ವಾಪಸ್ ಬಂದ ಮೇಲೆ ಇನ್ನೊಂದ್ಸಲ ಹೇಳ್ತೀರಾ?"

ನಾನು ಏನಂದೆ ಗೊತ್ತೇ? "ಹೋಗ್ಲಿ ಬಿಡಮ್ಮ," ಅಂದೆ.

ಅದು ನಿನ್ನ ಮಾತು. ನೀನು ಆ ಮಾತನ್ನು ಹೇಳಿದ್ದು ನನ್ನನ್ನು ಕಾಪಾಡಲು. ನಾನು ಹೇಳಿದ್ದೂ ನನ್ನನ್ನು ಕಾಪಾಡಿಕೊಳ್ಳಲು. ಆ ಮಾತಿನಿಂದ ನಿನಗೆ ಒಂದು ಸಲವೂ ಏನೂ ಸಿಕ್ಕಿಲ್ಲ.

ನಿನ್ನೆ ಸ್ಟುಡಿಯೋಗೆ ಹೋಗಿ, ಕಾರ್ಯಕ್ರಮದವರ ಮುಂದೆ ಕೂತು ನಡೆದದ್ದು ಹೇಳಿದೆ. ಮೊದಲು ಮುಖ ಮುಖ ನೋಡಿಕೊಂಡರು, ಆಮೇಲೆ ಒಪ್ಪಿದರು. ಐದು ನಿಮಿಷದ ಮಾತು ಧ್ವನಿಮುದ್ರಣವಾಗಿದೆ. ನೇರ ಪ್ರಸಾರವಾದರೆ ನನ್ನ ಮೇಲೆ ನನಗೇ ನಂಬಿಕೆಯಿಲ್ಲ, ಅದಕ್ಕೇ ಹೀಗೆ. ಟೇಪು ಆ ಇಂಜಿನಿಯರ್ ಹತ್ತಿರವಿದೆ, ನಾನು ಕಾಲು ಹಿಡಿದರೂ ಅವಳು ವಾಪಸ್ ಕೊಡುವುದಿಲ್ಲ. ಬರುವ ಶನಿವಾರ ಸಂಜೆ ಆರು ಗಂಟೆಗೆ ಪ್ರಸಾರ. ನೀನು ಕೇಳದಿದ್ದರೂ ಪರವಾಗಿಲ್ಲ, ಮಗಳಿಗೆ ಕೇಳಿಸು. ಇದಾದ ಮೇಲೆ ನನ್ನನ್ನು ಆ ಕುರ್ಚಿಯಲ್ಲಿ ಇಟ್ಟುಕೊಳ್ಳುತ್ತಾರೋ ಇಲ್ಲವೋ ಗೊತ್ತಿಲ್ಲ. ಮನೆಯಲ್ಲಿ ಕೂತರೆ ತನಗೆ ಕಾಮೆಂಟರಿ ಕೇಳುವ ಶಕ್ತಿಯಿಲ್ಲ ಎಂದು ನಿನ್ನ ಅತ್ತಿಗೆ ಈಗಲೇ ಹೇಳಿದ್ದಾಳೆ. ಆದರೆ ರಾತ್ರಿ ತಟ್ಟೆ ಎತ್ತುವಾಗ, "ಮೂವತ್ತು ವರ್ಷ ನನಗೂ ಹೇಳಲಿಲ್ಲವಲ್ಲ," ಎಂದಳು.

ಈ ಪತ್ರದ ಜೊತೆ ಅಪ್ಪನ ಪಂದ್ಯಗಳ ನೋಟ್‌ಬುಕ್ ಕಳಿಸುತ್ತಿದ್ದೇನೆ. ತಾವು ಗೆರೆ ಹಾಕಿದ ಪ್ರತಿಯೊಂದು ಪಂದ್ಯಕ್ಕೂ ಅವರು ದಿನಾಂಕ, ಗೋಲು, ಒಂದು ಸಾಲಿನ ಷರಾ ಬರೆದಿಟ್ಟಿದ್ದಾರೆ. ಫೈನಲ್ಲಿನ ಪುಟದಲ್ಲಿ "೦–೧. ಚಿಕ್ಕವನು ಕೂಗಿ ಬಿಟ್ಟ" ಎಂದಿದೆ. ಏಳು ವರ್ಷದ ಹಿಂದೆ ಇದರ ಬೆನ್ನು ಕಿತ್ತುಹೋಗಿ, ಹಾಳೆಗಳೆಲ್ಲ ಬಿಡಿಯಾದಾಗ, ಹೊಲಿದು ರಟ್ಟು ಹಾಕಿಕೊಟ್ಟವನು ನೀನು. ಹಾಳೆಗಳನ್ನು ಒಂದೊಂದಾಗಿ ಜೋಡಿಸಿದವನು ನೀನು, ಆ ಪುಟವೂ ನಿನ್ನ ಕೈ ದಾಟಿ ಹೋಗಿದೆ. ಅದಕ್ಕೂ ಉಳಿದ ಪುಟಗಳಷ್ಟೇ ನೀಟಾಗಿ ದಾರ ಹಾಕಿದ್ದೀಯ. ಹೋದ ವಾರ ಅದನ್ನು ತೆರೆದು ನಿನ್ನ ಹೊಲಿಗೆ ನೋಡುತ್ತಾ ಕೂತಿದ್ದೆ, ಬಹಳ ಅತ್ತೆ ತಮ್ಮಾ. ಅಪ್ಪನ ಸಾಲನ್ನು ಹೊಡೆದುಹಾಕಲು ನನಗೆ ಮನಸ್ಸು ಬರಲಿಲ್ಲ. ಕೆಳಗೆ ನನ್ನ ಅಕ್ಷರದಲ್ಲಿ "ಕೂಗಿದ್ದು ದೊಡ್ಡವನು" ಎಂದು ಬರೆದು, ತಾರೀಕು ಹಾಕಿದ್ದೇನೆ.

ಇನ್ನೇನು ಬರೆಯಲಿ. ಬೆನ್ನು ಬಗ್ಗಿಸಿ ಕೂತು ಹೊಲಿಯುವಾಗ ಆಗಾಗ ಎದ್ದು ಓಡಾಡು, ನಿನಗೂ ವಯಸ್ಸಾಯಿತು. ಅಟ್ಟದ ಮೇಲಿದ್ದ ನಿನ್ನ ಗ್ಲೌಸನ್ನೂ ಪೊಟ್ಟಣದಲ್ಲಿ ಇಟ್ಟಿದ್ದೇನೆ. ಚರ್ಮ ಬಿರುಸಾಗಿದೆ, ಎಣ್ಣೆ ಹಚ್ಚಿದರೆ ಸರಿಹೋಗಬಹುದು. ಮಗಳಿಗೆ ದೊಡ್ಡಪ್ಪನ ಪ್ರೀತಿ ತಿಳಿಸು. ನಿನ್ನ ಕೈಗಳು ಚೆನ್ನಾಗಿರಲಿ, ಮನೆ ತಣ್ಣಗಿರಲಿ.

ಇಂತು,
ನಿನ್ನ ಅಣ್ಣ

ಮರೆತ ಮಾತು: ಮರೆತಿರಲಿಲ್ಲ. ಲಕೋಟೆಗೆ ಹಾಕಿ, ಅಂಟಿಸದೆ, ಮತ್ತೆ ತೆಗೆದಿದ್ದೇನೆ. ಅಪ್ಪನನ್ನು ಕಳಿಸಿಕೊಟ್ಟ ದಿನ ನೀನು ಹೊರಡುವಾಗ ಮೆಟ್ಟಿಲ ಮೇಲೆ ನಿಂತು ಒಂದೇ ಒಂದು ಪ್ರಶ್ನೆ ಕೇಳಿದೆ, "ಅಣ್ಣ, ಅಪ್ಪ ನನ್ನ ಬಗ್ಗೆ ಏನಾದ್ರೂ ಹೇಳಿದ್ರಾ?" ನಾನು "ಇಲ್ಲ ಕಣೋ, ನಿದ್ದೆಯಲ್ಲೇ ಇದ್ರು," ಅಂದೆ. ನೀನು ತಲೆಯಾಡಿಸಿ ಚಪ್ಪಲಿ ಮೆಟ್ಟಿಕೊಂಡೆ. ಅದು ಸುಳ್ಳು. ಹಿಂದಿನ ದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಅಪ್ಪ ಪೂರ್ತಿ ಎಚ್ಚರವಾಗಿದ್ದರು. "ಚಿಕ್ಕೋನು ಎಷ್ಟೊತ್ತಿಗೆ ಬರ್ತಾನೆ?" ಎಂದು ಕೇಳಿದರು. ಸಂಜೆಗೆ ಎಂದೆ. "ಅಷ್ಟರಲ್ಲಿ ನಾನಿಲ್ದೆ ಹೋದ್ರೆ ಅವನಿಗೆ ಹೇಳು, ಆ ಗೋಲನ್ನ ನಾನು ಮನಸ್ಸಲ್ಲಿ ಇಟ್ಕೊಂಡಿಲ್ಲ, ಕ್ಷಮಿಸಿದೀನಿ ಅಂತ. ಪಾಪ, ಆವತ್ತಿಂದ ಅವನು ನನ್ನ ಮುಖ ನೋಡಿ ಮಾತಾಡಿಲ್ಲ," ಎಂದರು. ಆಮೇಲೆ ನನ್ನ ಕೈ ಹಿಡಿದುಕೊಂಡು, "ನಿಂದು ದೊಡ್ಡ ಮನಸ್ಸು ಕಣಪ್ಪಾ. ಅವನಿಂದ ಕಪ್ ಹೋಯ್ತು ಅಂತ ಒಂದು ದಿನವೂ ಅವನನ್ನ ಅಂದವನಲ್ಲ," ಎಂದರು. ಹೇಳಲು ಸಮಯವಿತ್ತು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು "ನೀರು ಬೇಕಾ ಅಪ್ಪ?" ಎಂದು ಕೇಳಿದೆ.

ಶನಿವಾರ ಊರೆಲ್ಲ ಕೇಳುತ್ತದೆ, ಕೇಳಬೇಕಾದವರೊಬ್ಬರು ಇಲ್ಲ. ನನಗೆ ಸಿಗಬೇಕಾದ ಕ್ಷಮೆಯನ್ನು ಅವರು ನಿನ್ನ ಹೆಸರಿಗೆ ಕೊಟ್ಟು ಹೋದರು, ನಿನ್ನ ಹತ್ತಿರ ತಾವೇ ಕ್ಷಮೆ ಕೇಳಬೇಕಿತ್ತೆಂದು ಅವರಿಗೆ ತಿಳಿದೇ ಇರಲಿಲ್ಲ. ನೀನು ಬೈದು ಬರಿ, ಬರೆಯದೆಯೇ ಇರು, ಮನೆಗೆ ಬಂದು ಕಪಾಳಕ್ಕೆ ಹೊಡಿ. ಆ ಒಂದು ಮಾತನ್ನು ಮಾತ್ರ ಈ ಸಲ ಹೇಳಬೇಡ, ತಮ್ಮಾ.